ಮಣ್ಣು ಕಾಯಲು ಕೂತ ಐವರು

1937ರ ಆಗಸ್ಟ್ 4ರಂದು ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದ ಆನ್ಸನ್ ಕೌಂಟಿಯ ಸೀಮೆಯಲ್ಲಿ ಒಂದು ಪುಟ್ಟ ಸರ್ಕಾರ ಹುಟ್ಟಿತು. ತೆರಿಗೆ ಹಾಕುವ ಅಧಿಕಾರ ಅದಕ್ಕಿರಲಿಲ್ಲ. ಪೊಲೀಸರಿರಲಿಲ್ಲ, ಖಜಾನೆಯಿರಲಿಲ್ಲ. ಇದ್ದದ್ದು ಬ್ರೌನ್ ಕ್ರೀಕ್ ಎಂಬ ಹಳ್ಳದ ಹೆಸರು, ಆ ಹಳ್ಳಕ್ಕೆ ಇಳಿಯುವ ಕೆಂಪು ಜೇಡಿಮಣ್ಣಿನ ಹೊಲಗಳು, ಆ ಹೊಲಗಳ ಯೋಗಕ್ಷೇಮ ನೋಡಿಕೊಳ್ಳಲು ಊರವರಿಂದಲೇ ಕೂಡಿದ ಐದು ಜನರ ಮಂಡಳಿ. ಅಮೆರಿಕದ ಮೊಟ್ಟಮೊದಲ ಮಣ್ಣು ಸಂರಕ್ಷಣಾ ವಲಯ ಅದು. ಅಲ್ಲಿನ ಕಾನೂನಿನಲ್ಲಿ ಅದರ ಹೆಸರು ಸಾಯಿಲ್ ಕನ್ಸರ್ವೇಶನ್ ಡಿಸ್ಟ್ರಿಕ್ಟ್. ಆಡಳಿತದ ಜಿಲ್ಲೆಯೆಂದು ಓದುಗರು ತಿಳಿಯದಿರಲೆಂದು ಇಲ್ಲಿ ವಲಯ ಎಂದೇ ಬರೆಯುತ್ತೇನೆ. ಇಂದು ಆ ದೇಶದಲ್ಲಿ ಇಂಥ ವಲಯಗಳು ಸುಮಾರು 3,000 ಇವೆ.

ಅಧ್ಯಕ್ಷ ರೂಸ್‌ವೆಲ್ಟರ ಕಾಲದ ವಾಷಿಂಗ್ಟನ್ ಎಂದರೆ ದೊಡ್ಡ ದೊಡ್ಡ ಕೆಲಸಗಳನ್ನು ತಾನೇ ಕೈಗೆತ್ತಿಕೊಂಡ ಸರ್ಕಾರ. ನದಿಗೆ ಅಣೆಕಟ್ಟು ಕಟ್ಟಿಸಿತು, ನಿರುದ್ಯೋಗಿಗಳಿಗೆ ಕೆಲಸ ಕೊಟ್ಟಿತು, ಬ್ಯಾಂಕುಗಳನ್ನು ಹದ್ದುಬಸ್ತಿಗೆ ತಂದಿತು. ಅಂಥ ಸರ್ಕಾರ ದೇಶದ ಮಣ್ಣನ್ನು ಉಳಿಸುವ ಹೊಣೆಯನ್ನು ಹಳ್ಳಿಯ ಐದು ಜನರ ಕೈಗೆ ಏಕೆ ಕೊಟ್ಟಿತು? ಊರಿನ ಬುದ್ಧಿಯ ಮೇಲೆ ಕೆಲವರಿಗಿದ್ದ ನಿಜವಾದ ನಂಬಿಕೆ ಒಂದು ಕಾರಣ. ನ್ಯಾಯಾಲಯದಲ್ಲಿ ಸರ್ಕಾರ ತಿಂದ ಪೆಟ್ಟು ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಅವಕಾಶ ಸಿಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಥೆ ಶುರುವಾಗುವುದು ಅದೇ ಆನ್ಸನ್ ಕೌಂಟಿಯಿಂದ. ಹ್ಯೂ ಹ್ಯಾಮಂಡ್ ಬೆನೆಟ್ 1881ರಲ್ಲಿ ಅಲ್ಲಿನ ವೇಡ್ಸ್‌ಬರೋ ಪಟ್ಟಣದ ಹತ್ತಿರ ಹತ್ತಿ ಬೆಳೆಯುವ ಮನೆತನದಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಅಪ್ಪನ ಜೊತೆ ಹೊಲಕ್ಕೆ ಬದು ಹಾಕಲು ಕೈಜೋಡಿಸಿದ್ದರು. ಹತ್ತಿ ಮತ್ತು ತಂಬಾಕು ಆ ಸೀಮೆಯ ನೆಲವನ್ನು ತಲೆಮಾರುಗಳ ಕಾಲ ಹಿಂಡಿದ್ದವು. ಸಾಲುಗಳ ನಡುವೆ ಬರಿಮಣ್ಣು, ಬೇಸಿಗೆಯಲ್ಲಿ ರಭಸದ ಮಳೆ, ಇಳಿಜಾರು. ಒಂದು ಹೊಲ ಸತ್ವ ಕಳೆದುಕೊಂಡರೆ ಅದನ್ನು ಬಿಟ್ಟು ಪಶ್ಚಿಮಕ್ಕೆ ಹೋಗಿ ಹೊಸ ಕಾಡು ಕಡಿಯುವುದು ರೂಢಿ. ಪಕ್ಕದ ಜಾರ್ಜಿಯಾ ರಾಜ್ಯದ ಸ್ಟೀವರ್ಟ್ ಕೌಂಟಿಯಲ್ಲಿ ಹತ್ತೊಂಬತ್ತನೇ ಶತಮಾನದ ಹತ್ತಿ ಬೇಸಾಯ ಬಿಟ್ಟುಹೋದ ಕೊರಕಲುಗಳು 150 ಅಡಿ ಆಳಕ್ಕೆ ಇಳಿದವು. ಇಂದು ಅದು ಪ್ರವಾಸಿಗರು ನೋಡಲು ಹೋಗುವ ಜಾಗ.

ಬೆನೆಟ್ 1903ರಲ್ಲಿ ಕೃಷಿ ಇಲಾಖೆಯ ಮಣ್ಣು ವಿಭಾಗ ಸೇರಿದರು. ಎರಡು ವರ್ಷದ ನಂತರ ವರ್ಜೀನಿಯಾದ ಲೂಯೀಸಾ ಕೌಂಟಿಯಲ್ಲಿ ಸಮೀಕ್ಷೆಯ ಕೆಲಸ. ಅಲ್ಲಿನ ಹೊಲಗಳು ಏಕೆ ಬಡವಾಗಿವೆ ಎಂದು ಕಂಡುಹಿಡಿಯಬೇಕಿತ್ತು. ಜೊತೆಗಾರ ಮೆಕ್ಲೆಂಡನ್ ಅವರೊಂದಿಗೆ ಅಡ್ಡಾಡುತ್ತಿದ್ದಾಗ ಒಂದು ಕಡೆ ಕಾಡು, ಅದಕ್ಕೆ ತಾಗಿಕೊಂಡೇ ಉಳುಮೆಯ ಹೊಲ ಕಂಡಿತು. ಅದೇ ಇಳಿಜಾರು, ಕೆಳಗೆ ಅದೇ ಬಂಡೆ. ಕಾಡಿನ ಮಣ್ಣು ಒಣಹವೆಯಲ್ಲೂ ತೇವವಾಗಿ, ಬರಿಗೈಯಲ್ಲಿ ಅಗೆಯುವಷ್ಟು ಸಡಿಲವಾಗಿತ್ತು. ಹೊಲದ್ದು ಗಟ್ಟಿ ಜೇಡಿ, ಕಲ್ಲಿನಂತೆ ಬಿಗಿದಿತ್ತು. ಎರಡೂ ಒಂದು ಕಾಲಕ್ಕೆ ಒಂದೇ ಮಣ್ಣಾಗಿದ್ದವು. ಹೊಲದ ಮೇಲ್ಮಣ್ಣು ಕೊರಕಲು ಬೀಳದೆ, ಯಾರ ಕಣ್ಣಿಗೂ ಬೀಳದೆ, ಪ್ರತಿ ಮಳೆಗೂ ತೆಳುವಾದ ಒಂದು ಪದರು ಕೊಚ್ಚಿಹೋಗಿ ಅಲ್ಲಿ ಉಳಿದದ್ದು ಬರಿಯ ಕೆಳಮಣ್ಣು. ಮುಂದಿನ ಮೂವತ್ತು ವರ್ಷ ಬೆನೆಟ್ ಹೇಳುತ್ತ ಬಂದದ್ದೆಲ್ಲ ಆ ದಿನ ನೋಡಿದ್ದರ ವಿಸ್ತರಣೆ.

ಕೇಳುವವರು ಮಾತ್ರ ಕಡಿಮೆ. ಅವರ ಇಲಾಖೆಯೇ 1909ರ ಪ್ರಕಟಣೆಯೊಂದರಲ್ಲಿ ಮಣ್ಣು ಎಂದೂ ಮುಗಿಯದ ಸಂಪತ್ತು ಎಂದು ಬರೆದಿತ್ತು. ಬೆನೆಟ್ ಸಹೋದ್ಯೋಗಿಯೊಬ್ಬರ ಜೊತೆ 1928ರಲ್ಲಿ ಮಣ್ಣಿನ ಸವಕಳಿಯನ್ನು ರಾಷ್ಟ್ರದ ವಿಪತ್ತು ಎಂದು ಕರೆದು ಒಂದು ಕಿರುಹೊತ್ತಗೆ ತಂದರು. ಟೆಕ್ಸಸ್‌ನ ಸಂಸದ ಜೇಮ್ಸ್ ಬ್ಯೂಕ್ಯಾನನ್ ಮರುವರ್ಷ ಸಂಶೋಧನೆಗೆ 1,60,000 ಡಾಲರ್ ಕೊಡಿಸಿದರು. 1933ರಲ್ಲಿ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದ ಮೇಲೆ 50 ಲಕ್ಷ ಡಾಲರ್ ಅನುದಾನದಲ್ಲಿ ಸವಕಳಿ ತಡೆಯುವ ಹೊಸ ಸಂಸ್ಥೆ ಹುಟ್ಟಿತು. ಬೆನೆಟ್ ಅದರ ಮುಖ್ಯಸ್ಥರಾದರು.

ಅಷ್ಟರಲ್ಲಿ ದೇಶದ ನಡುಭಾಗದ ಬಯಲುಸೀಮೆಯಲ್ಲಿ ಬೇರೆಯೇ ಅನಾಹುತ ನಡೆದಿತ್ತು. ಮೊದಲ ಮಹಾಯುದ್ಧದಲ್ಲಿ ಸರ್ಕಾರ ಗೋಧಿಗೆ ಬುಷೆಲ್‌ಗೆ 2 ಡಾಲರ್‌ಗೂ ಮೇಲಿನ ಬೆಲೆ ಖಾತ್ರಿ ಕೊಟ್ಟಿತು. ಟ್ರ್ಯಾಕ್ಟರ್ ಬಂತು. ಯುದ್ಧ ಮುಗಿದು ಬೆಲೆ ಬಿದ್ದಾಗ ರೈತರು ಸಾಲ ತೀರಿಸಲು ಇನ್ನಷ್ಟು ಹುಲ್ಲುಗಾವಲು ಉತ್ತರು. 1925ರಿಂದ 1930ರೊಳಗೆ ದಕ್ಷಿಣದ ಬಯಲಿನಲ್ಲೇ 50 ಲಕ್ಷ ಎಕರೆಗೂ ಹೆಚ್ಚು ನೆಲ ಹೊಸದಾಗಿ ಉಳುಮೆಗೆ ಬಿತ್ತು. ಆಮೇಲೆ ಮಳೆ ಕೈಕೊಟ್ಟಿತು. 1934ರ ಮೇ ತಿಂಗಳಲ್ಲಿ ಎದ್ದ ಒಂದೇ ಬಿರುಗಾಳಿ 35 ಕೋಟಿ ಟನ್ ಮಣ್ಣು ಹೊತ್ತೊಯ್ದಿತೆಂದು ಅಂದಾಜು. ಆ ಧೂಳು ನ್ಯೂಯಾರ್ಕಿನ ಹಗಲನ್ನು ಮಸುಕು ಮಾಡಿ, ಅಟ್ಲಾಂಟಿಕ್ ಸಾಗರದ ಹಡಗುಗಳ ಮೇಲೂ ಬಿತ್ತು. 1935ರ ಏಪ್ರಿಲ್ 14ರ ಭಾನುವಾರ ಬಂದ ಕರಿ ಬಿರುಗಾಳಿಯ ಮರುದಿನ ಪತ್ರಕರ್ತನೊಬ್ಬ ಆ ಸೀಮೆಗೆ ಇಟ್ಟ 'ಡಸ್ಟ್ ಬೌಲ್' ಎಂಬ ಹೆಸರು ಇಂದಿಗೂ ಉಳಿದಿದೆ.

ಈ ದುರಂತಕ್ಕೆ ಕಾರಣ ಯಾರು ಎಂಬುದರ ಬಗ್ಗೆ ಇತಿಹಾಸಕಾರರು ಒಮ್ಮತಕ್ಕೆ ಬಂದಿಲ್ಲ. ಡೊನಾಲ್ಡ್ ವೂಸ್ಟರ್ 1979ರಲ್ಲಿ ಲಾಭಕ್ಕಾಗಿ ನೆಲವನ್ನು ಹಿಂಡುವ ಆರ್ಥಿಕ ವ್ಯವಸ್ಥೆಯ ಮೇಲೆ ಹೊಣೆ ಹಾಕಿದರು. ಜೆಫ್ ಕನ್ಫರ್ 2005ರಲ್ಲಿ ಬರಗಾಲವೇ ಮುಖ್ಯ, ಉಳುಮೆಯ ಪಾಲು ಅಷ್ಟಿಲ್ಲ ಎಂದು ವಾದಿಸಿದರು. ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಅರ್ಥಶಾಸ್ತ್ರಜ್ಞರಾದ ಝೈನೆಪ್ ಹ್ಯಾನ್ಸನ್ ಮತ್ತು ಗ್ಯಾರಿ ಲಿಬೆಕ್ಯಾಪ್ 2004ರಲ್ಲಿ ಮುಂದಿಟ್ಟ ವಿವರಣೆ. ಅಲ್ಲಿನ ಹಿಡುವಳಿಗಳು ಆ ಹವೆಗೆ ತೀರ ಚಿಕ್ಕವು. ಸಣ್ಣ ರೈತ ತನ್ನ ಹೊಲದಲ್ಲಿ ಒಂದಷ್ಟು ನೆಲ ಬೀಳು ಬಿಟ್ಟು, ಧೂಳು ತಡೆಯಲು ಹಣ ಸುರಿದರೂ ಅದರ ಫಲ ಹೆಚ್ಚಾಗಿ ಹೋಗುವುದು ಗಾಳಿಯ ದಿಕ್ಕಿನಲ್ಲಿರುವ ಪಕ್ಕದ ಹೊಲದವನಿಗೆ. ಹೀಗಾಗಿ ಯಾರೂ ಮಾಡುವುದಿಲ್ಲ. ಎಲ್ಲರೂ ಒಟ್ಟಿಗೆ ಮಾಡಿದರೆ ಮಾತ್ರ ಎಲ್ಲರಿಗೂ ಲಾಭ. ಒಟ್ಟಿಗೆ ಮಾಡಿಸಲು ಒಂದು ಕೂಟ ಬೇಕು. ಮಳೆನೀರಿಗೂ ಇದೇ ನ್ಯಾಯ: ಮೇಲಿನ ಹೊಲದವನು ಬದು ಹಾಕದಿದ್ದರೆ ಕೆಳಗಿನವನ ಬದು ನಿಲ್ಲುವುದಿಲ್ಲ.

1935ರ ವಸಂತದಲ್ಲಿ ಬೆನೆಟ್ ತಮ್ಮ ಸಂಸ್ಥೆಯನ್ನು ಶಾಶ್ವತಗೊಳಿಸಲು ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದರು. ಧೂಳಿನ ಮೋಡ ವಾಷಿಂಗ್ಟನ್ನಿಗೆ ಯಾವಾಗ ಬರುತ್ತದೆಂದು ಮೊದಲೇ ತಿಳಿದುಕೊಂಡು, ಅದು ಬರುವವರೆಗೆ ಮಾತು ಎಳೆದು, ಕಿಟಕಿಯಾಚೆ ಆಕಾಶ ಕಂದಿದಾಗ ಸೆನೆಟರುಗಳಿಗೆ ಅದನ್ನೇ ತೋರಿಸಿದರು ಎಂಬ ಕಥೆ ಬಹಳ ಪ್ರಸಿದ್ಧ. ಅವರ ಜೀವನಚರಿತ್ರೆ ಬರೆದ ವೆಲಿಂಗ್ಟನ್ ಬ್ರಿಂಕ್ ಇದನ್ನು ಹರಡಿದರು. ಆ ವಾರಗಳಲ್ಲಿ ರಾಜಧಾನಿಯ ಮೇಲೆ ಧೂಳು ಹಾದುಹೋದದ್ದು ನಿಜ. ಗಳಿಗೆ ಅಷ್ಟು ಚೊಕ್ಕವಾಗಿ ಕೂಡಿಬಂದಿತ್ತೇ ಎಂಬ ಬಗ್ಗೆ ಸಂಶೋಧಕರಿಗೆ ಅನುಮಾನವಿದೆ. ಏಪ್ರಿಲ್ 27ರಂದು ಕಾಯ್ದೆಗೆ ಸಹಿ ಬಿತ್ತು. ಕೃಷಿ ಇಲಾಖೆಯಡಿ ಮಣ್ಣು ಸಂರಕ್ಷಣಾ ಸೇವೆ ಶುರುವಾಯಿತು.

ಸಂಸ್ಥೆಯೇನೋ ಗಟ್ಟಿಯಾಯಿತು, ಕೆಲಸ ಮಾಡುವ ದಾರಿ ಇನ್ನೂ ಸಿಕ್ಕಿರಲಿಲ್ಲ. ಅಲ್ಲಿಯವರೆಗೆ ನಡೆದದ್ದೆಲ್ಲ ಮಾದರಿ ಯೋಜನೆಗಳು. ಮೊದಲನೆಯದು ವಿಸ್ಕಾನ್ಸಿನ್ ರಾಜ್ಯದ ಕೂನ್ ಕ್ರೀಕ್ ಕಣಿವೆಯಲ್ಲಿ. ಅಲ್ಲಿನ ರೈತರು ಸರ್ಕಾರದೊಂದಿಗೆ ಐದು ವರ್ಷದ ಒಪ್ಪಂದ ಮಾಡಿಕೊಂಡರು. ಸರ್ಕಾರ ಬೀಜ, ಸುಣ್ಣ, ಬೇಲಿತಂತಿ ಕೊಟ್ಟಿತು. ಶಿಬಿರಗಳಲ್ಲಿದ್ದ ನಿರುದ್ಯೋಗಿ ಯುವಕರು ಬಂದು ಕೊರಕಲುಗಳಿಗೆ ತಡೆಗೋಡೆ ಕಟ್ಟಿದರು. ಬೆಟ್ಟದ ಮೇಲಿಂದ ಕೆಳಕ್ಕೆ ನೇರ ಉಳುತ್ತಿದ್ದ ಹೊಲಗಳು ಇಳಿಜಾರಿಗೆ ಅಡ್ಡಲಾಗಿ ಬಾಗಿದ ಪಟ್ಟಿಗಳಾದವು: ಒಂದು ಪಟ್ಟಿ ಮೆಕ್ಕೆಜೋಳ, ಪಕ್ಕದ್ದು ಓಟ್ಸ್, ಅದರಾಚೆ ಕುದುರೆಮೆಂತ್ಯ. ಕೆಲಸ ಚೆನ್ನಾಗಿತ್ತು. ಆದರೆ ಪುಕ್ಕಟೆ ಕೂಲಿ, ಪುಕ್ಕಟೆ ಬೀಜ ಕೊಟ್ಟು ದೇಶದ ಪ್ರತಿ ಕಣಿವೆಯನ್ನೂ ಹೀಗೆ ಮಾಡಲು ಸಾಧ್ಯವೇ? ಒಪ್ಪಂದದ ಅವಧಿ ಮುಗಿದ ಮೇಲೆ ರೈತ ಹಳೇ ಚಾಳಿಗೆ ಮರಳಿದರೆ ಕೇಳುವವರು ಯಾರು?

ಹೊರಗಿನಿಂದ ಹೇರಿದರೆ ಏನಾಗುತ್ತದೆಂಬುದಕ್ಕೂ ಅದೇ ಸಂಸ್ಥೆ ಸಾಕ್ಷಿಯಾಯಿತು. ನೈಋತ್ಯದ ನವಾಹೊ ಬುಡಕಟ್ಟಿನ ನೆಲದಲ್ಲಿ ಹುಲ್ಲು ಬೋಳಾಗುತ್ತಿದೆ ಎಂದು ಅಧಿಕಾರಿಗಳು ತೀರ್ಮಾನಿಸಿ ಕುರಿ, ಮೇಕೆಗಳ ಸಂಖ್ಯೆ ಇಳಿಸಲು ಹೊರಟರು. ಮಂದೆಗಳನ್ನು ಕಡಿಮೆ ಬೆಲೆಗೆ ಕೊಂಡರು, ಕೆಲವೆಡೆ ಗುಂಡಿಟ್ಟೇ ಕೊಂದರು. ಆ ಮೇಕೆಗಳನ್ನು ಸಾಕಿದ್ದ ಹೆಂಗಸರನ್ನು ಯಾರೂ ಕೇಳಲಿಲ್ಲ. ಆ ನೋವು ನವಾಹೊ ಜನರ ನೆನಪಿನಿಂದ ಇನ್ನೂ ಮಾಸಿಲ್ಲ.

ಕಥೆ ತಿರುಗಿದ್ದು 1936ರ ಜನವರಿ 6ರಂದು. ಬಟ್ಲರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ರೂಸ್‌ವೆಲ್ಟರ ಕೃಷಿ ಹೊಂದಾಣಿಕೆ ಕಾಯ್ದೆಯನ್ನು ರದ್ದು ಮಾಡಿತು. ಬೇಸಾಯವನ್ನು ನಿಯಂತ್ರಿಸುವುದು ರಾಜ್ಯಗಳಿಗೆ ಬಿಟ್ಟ ವಿಷಯ, ಕೇಂದ್ರ ಅದರಲ್ಲಿ ಕೈಹಾಕುವಂತಿಲ್ಲ ಎಂಬುದು ತೀರ್ಪಿನ ತಿರುಳು. ಇನ್ನು ಕೇಂದ್ರ ಸರ್ಕಾರ ಯಾವ ರೈತನಿಗೂ ಹೀಗೆ ಉಳು, ಹಾಗೆ ಉಳಬೇಡ ಎಂದು ಹೇಳುವ ದಾರಿ ಮುಚ್ಚಿದಂತಾಯಿತು. ರಾಜ್ಯದ ಕಾನೂನಿನ ಬಲದಲ್ಲಿ ಊರಿನವರೇ ಹೇಳಿಕೊಳ್ಳಬಹುದಿತ್ತು.

ಕೃಷಿ ಇಲಾಖೆಯಲ್ಲಿ ಇದನ್ನು ಮೊದಲೇ ಯೋಚಿಸಿದ್ದ ಒಬ್ಬರಿದ್ದರು: ಎಂ. ಎಲ್. ವಿಲ್ಸನ್. ಮೊಂಟಾನಾ ರಾಜ್ಯದಲ್ಲಿ ರೈತರ ನಡುವೆ ಕೆಲಸ ಮಾಡಿ ಬಂದವರು. ಆ ರಾಜ್ಯದ ಮಿಜ್ಪಾ-ಪಂಪ್ಕಿನ್ ಕ್ರೀಕ್ ಎಂಬಲ್ಲಿ 1928ರಲ್ಲಿ ದನ ಸಾಕುವವರು ಸೇರಿ ಹುಲ್ಲುಗಾವಲನ್ನು ಒಟ್ಟಾಗಿ ನೋಡಿಕೊಳ್ಳುವ ಏರ್ಪಾಟು ಆಗಿತ್ತು. ತಜ್ಞ ತಿಳಿಸಲಿ, ತೀರ್ಮಾನ ರೈತರದ್ದಾಗಲಿ ಎಂಬುದು ವಿಲ್ಸನ್ನರ ಮಾತು. ಅದನ್ನು ಅವರು ಮನಸಾರೆ ನಂಬಿದ್ದರು. ಆ ನಂಬಿಕೆಯನ್ನು ಕಾನೂನಿನ ಭಾಷೆಗೆ ತಂದವರು ಇಲಾಖೆಯ ಯುವ ವಕೀಲ ಫಿಲಿಪ್ ಗ್ಲಿಕ್. 1936ರಲ್ಲಿ ಗ್ಲಿಕ್ ಮತ್ತು ಸಂಗಡಿಗರು ರಾಜ್ಯಗಳು ಎತ್ತಿಕೊಂಡು ಅಂಗೀಕರಿಸಬಹುದಾದ ಒಂದು ಮಾದರಿ ಮಸೂದೆ ಸಿದ್ಧಪಡಿಸಿದರು.

ಆ ಮಸೂದೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಸೀಮೆಯ 25 ಮಂದಿ ಸಾಗುವಳಿದಾರರು ರಾಜ್ಯ ಸಮಿತಿಗೆ ಅರ್ಜಿ ಕೊಡಬೇಕು. ಸಮಿತಿ ಊರಿಗೆ ಬಂದು ಅಹವಾಲು ಕೇಳಬೇಕು. ಆಮೇಲೆ ಜನಮತ. ಜನ ಒಪ್ಪಿದರೆ ವಲಯಕ್ಕೆ ಪ್ರಮಾಣಪತ್ರ. ಮಂಡಳಿಯ ಐವರಲ್ಲಿ ಇಬ್ಬರನ್ನು ರಾಜ್ಯ ಸಮಿತಿ ನೇಮಿಸುತ್ತದೆ, ಮೂವರನ್ನು ಜನ ಆರಿಸುತ್ತಾರೆ. ಬಹುಮತ ಊರಿನದ್ದೇ ಇರಲಿ, ಆದರೆ ಹೊಣೆಯರಿತ ಒಂದಿಬ್ಬರು ತಪ್ಪದೆ ಇರಲಿ ಎಂಬ ಲೆಕ್ಕ. ಮಂಡಳಿಗೆ ಎರಡು ಬಗೆಯ ಅಧಿಕಾರ. ಮೊದಲನೆಯದು ನೆರವಿನದು: ರೈತನೊಂದಿಗೆ ಒಪ್ಪಂದ ಮಾಡಿಕೊಳ್ಳಬಹುದು, ಯಂತ್ರ, ಬೀಜ, ಸಸಿ ಒದಗಿಸಬಹುದು, ಕೇಂದ್ರದ ತಜ್ಞರನ್ನು ಕರೆಸಿಕೊಳ್ಳಬಹುದು. ಎರಡನೆಯದು ಕಟ್ಟಳೆಯದು: ಜನಮತದ ಒಪ್ಪಿಗೆ ಪಡೆದು ನೆಲ ಬಳಸುವ ನಿಯಮ ಮಾಡಬಹುದು, ಮಾಡಿದರೆ ಅದು ಕಾನೂನು, ಒಪ್ಪದವನೂ ಪಾಲಿಸಬೇಕು. ಗ್ಲಿಕ್ ದೃಷ್ಟಿಯಲ್ಲಿ ಮಸೂದೆಯ ಜೀವಾಳ ಈ ಎರಡನೆಯದರಲ್ಲಿತ್ತು. ಹತ್ತು ಜನ ಬದು ಹಾಕಿ ಹನ್ನೊಂದನೆಯವನು ಹಾಕದಿದ್ದರೆ ಹತ್ತು ಜನರ ಶ್ರಮವೂ ನೀರುಪಾಲು.

1937ರ ಫೆಬ್ರುವರಿ 27ರಂದು ರೂಸ್‌ವೆಲ್ಟ್ ಎಲ್ಲ ರಾಜ್ಯಪಾಲರಿಗೂ ಪತ್ರ ಬರೆದರು. ನಾಲ್ಕು ದಿನದಲ್ಲಿ, ಮಾರ್ಚ್ 3ರಂದು, ಅರ್ಕನ್ಸಾ ರಾಜ್ಯ ಮೊದಲ ಕಾನೂನು ಮಾಡಿತು. ಆ ವರ್ಷವೇ 22 ರಾಜ್ಯಗಳು ಮಾಡಿದವು. ಮೊದಲ ಪ್ರಮಾಣಪತ್ರ ಬೆನೆಟ್ ಹುಟ್ಟಿದ ಸೀಮೆಗೇ ಸಿಕ್ಕಿತು. ಧೂಳಿನ ಸೀಮೆಯ ಹೆಸರಿನಲ್ಲಿ ಗೆದ್ದ ಕಾನೂನಿನ ಮೊದಲ ಫಲ ಹೀಗೆ ಹತ್ತಿಯ ಸೀಮೆಗೆ ಹೋಯಿತು. ಟೆಕ್ಸಸ್‌ನಲ್ಲಿ ಮಾತ್ರ ಬೇರೆ ನಡೆಯಿತು. ರಾಜ್ಯಪಾಲರು 1937ರ ಮಸೂದೆಯನ್ನು ತಳ್ಳಿಹಾಕಿದರು. 1939ರಲ್ಲಿ ಬಂದ ಕಾನೂನಿನಲ್ಲಿ ರೈತರು ರಾಜ್ಯಮಟ್ಟದ ಮಂಡಳಿಯನ್ನೂ ತಾವೇ ಆರಿಸುವ ಹಕ್ಕು ಪಡೆದರು.

ರಾಜ್ಯಗಳು ಮಸೂದೆಯನ್ನು ಇದ್ದಂತೆ ಒಪ್ಪಲಿಲ್ಲ, ಬೇಕಾದಂತೆ ಕತ್ತರಿಸಿದವು. ಹಲವು ರಾಜ್ಯಗಳು ಕಟ್ಟಳೆಯ ಅಧಿಕಾರವನ್ನೇ ತೆಗೆದುಹಾಕಿದವು. ಕೆಲವು ಅದಕ್ಕೆ ಬೇಕಾದ ಮತಗಳ ಪ್ರಮಾಣವನ್ನು ಎಟುಕದಷ್ಟು ಏರಿಸಿದವು. ವಲಯದ ಗಡಿ ಹಳ್ಳದ ಜಲಾನಯನವನ್ನು ಅನುಸರಿಸಬೇಕೆಂಬ ಆಸೆಯೂ ಬಹಳಷ್ಟು ಕಡೆ ಕೈಬಿಟ್ಟುಹೋಯಿತು, ಕೌಂಟಿಯ ಗಡಿಯೇ ವಲಯದ ಗಡಿಯಾಯಿತು. ಇನ್ನೂ ಒಂದು ಕತ್ತರಿ ಬಿದ್ದಿತು. ಮಾದರಿಯಲ್ಲಿ ಮತದ ಹಕ್ಕು ನೆಲ ಸಾಗು ಮಾಡುವವರೆಲ್ಲರಿಗೂ ಇತ್ತು, ಗೇಣಿದಾರನೂ ಸೇರಿ. ಹಲವು ರಾಜ್ಯಗಳು ಅದನ್ನು ಭೂಮಾಲೀಕರಿಗೆ ಮಾತ್ರ ಎಂದು ಬದಲಿಸಿದವು. ದಕ್ಷಿಣದ ಹತ್ತಿ ಸೀಮೆಯಲ್ಲಿ ಇದರ ಅರ್ಥ ದೊಡ್ಡದು. ಅಲ್ಲಿ ನೆಲ ಉಳುತ್ತಿದ್ದವರಲ್ಲಿ ಬಹಳ ಮಂದಿ ಪಾಲುಗಾರಿಕೆಯ ಬೇಸಾಯಗಾರರು, ಅವರಲ್ಲಿ ಕಪ್ಪು ಜನ ಗಣನೀಯ ಸಂಖ್ಯೆಯಲ್ಲಿದ್ದರು. ಸಾಮಾನ್ಯ ಚುನಾವಣೆಯಲ್ಲೇ ಮತ ಹಾಕಲು ಬಿಡದ ಸಮಾಜ ಮಣ್ಣಿನ ಮಂಡಳಿಯಲ್ಲಿ ಅವರಿಗೆ ಕುರ್ಚಿ ಹಾಕೀತೇ? ಊರಿನವರ ಆಳ್ವಿಕೆ ಎಂದಾಗ ಊರಿನವರು ಯಾರು ಎಂಬ ಪ್ರಶ್ನೆ ಅಲ್ಲೇ ಕಾದಿರುತ್ತದೆ. ಈ ಲೋಪವನ್ನು ಕಾಲದ ರೀತಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಮಸೂದೆ ಬರೆದವರಿಗೇ ಬೇರೆ ದಾರಿ ಕಂಡಿತ್ತು.

ಮಂಡಳಿಗಳು ದಿನನಿತ್ಯ ಮಾಡಿದ ಕೆಲಸ ಸದ್ದಿಲ್ಲದ್ದು. ರೈತ ಬಂದು ಕೇಳುತ್ತಾನೆ. ಮಂಡಳಿ ಒಪ್ಪಂದಕ್ಕೆ ಸಹಿ ಹಾಕುತ್ತದೆ. ಕೇಂದ್ರದ ತಂತ್ರಜ್ಞ ವಿಮಾನದಿಂದ ತೆಗೆದ ಹೊಲದ ಚಿತ್ರ ಹಿಡಿದು ರೈತನ ಜೊತೆ ಸುತ್ತುತ್ತಾನೆ. ಯಾವ ತುಂಡು ಉಳುಮೆಗೆ, ಯಾವುದು ಹುಲ್ಲಿಗೆ, ಯಾವುದನ್ನು ಕಾಡಿಗೆ ಬಿಡಬೇಕು ಎಂದು ನೆಲವನ್ನು ಎಂಟು ದರ್ಜೆಯಾಗಿ ವಿಂಗಡಿಸಿ ಗುರುತು ಹಾಕುತ್ತಾರೆ. ಬದು ಹಾಕುವ ಯಂತ್ರವನ್ನು ವಲಯ ಕಡಿಮೆ ಬಾಡಿಗೆಗೆ ಕೊಡುತ್ತದೆ. ಯಾರ ಹೊಲಕ್ಕೆ ಮೊದಲು ಯಂತ್ರ, ತಂತ್ರಜ್ಞನ ಸಮಯ ಯಾರಿಗೆ ಎಂದು ತೀರ್ಮಾನಿಸುವುದು ಆ ಐವರು. ಸಂಬಳವಿಲ್ಲ. ಅವರ ಮುಖ್ಯ ಬಂಡವಾಳ ತಮ್ಮದೇ ಹೊಲ: ನೆರೆಯವರು ಬಂದು ನೋಡುವಂತಿರಬೇಕು. ಸರ್ಕಾರಿ ನೌಕರ ಹೇಳಿದರೆ ಅನುಮಾನಿಸುವ ರೈತ ಬೇಲಿಯಾಚೆಯ ಹೊಲ ಮಳೆಗಾಲ ಕಳೆದರೂ ಮಣ್ಣು ಉಳಿಸಿಕೊಂಡದ್ದನ್ನು ನೋಡಿ ಬದಲಾದ. ಮಂಡಳಿಗಳ ನಿಜವಾದ ಶಕ್ತಿ ಇದೇ ಆಗಿತ್ತೆಂದು ನಾನು ತಿಳಿದಿದ್ದೇನೆ.

ತಪ್ಪುಗಳೂ ಆದವು. ದಕ್ಷಿಣದಲ್ಲಿ ಕೊರಕಲು ಮುಚ್ಚಲು ಮಣ್ಣು ಸಂರಕ್ಷಣಾ ಸೇವೆ ಕುಡ್ಜು ಎಂಬ ಏಷ್ಯಾದ ಬಳ್ಳಿಯ ಕೋಟ್ಯಂತರ ಸಸಿ ಹಂಚಿತು, ನೆಟ್ಟವರಿಗೆ ಎಕರೆಗೆ 8 ಡಾಲರ್‌ವರೆಗೆ ಹಣವನ್ನೂ ಕೊಟ್ಟಿತು. ಮಣ್ಣು ನಿಂತಿತು. ಬಳ್ಳಿ ಮಾತ್ರ ನಿಲ್ಲಲಿಲ್ಲ. ಮರ, ಕಂಬ, ಮನೆಗಳನ್ನೆಲ್ಲ ಮುಚ್ಚಿ ಹಬ್ಬಿ, ಮುಂದೆ ಕಳೆ ಎಂದೇ ಘೋಷಿಸಬೇಕಾಯಿತು.

ಕಟ್ಟಳೆ ಮಾಡುವ ಅಧಿಕಾರ ಬಹುತೇಕ ಎಲ್ಲ ಕಡೆ ಮೂಲೆ ಸೇರಿತು. ಇದನ್ನು ಎಲ್ಲರಿಗಿಂತ ಕಟುವಾಗಿ ಹೇಳಿದವರು ಆಲ್ಡೊ ಲಿಯೊಪೋಲ್ಡ್. ಕೂನ್ ಕಣಿವೆಯ ಯೋಜನೆಗೆ ಸಲಹೆ ಕೊಟ್ಟಿದ್ದ, ವಿಸ್ಕಾನ್ಸಿನ್‌ನಲ್ಲೇ ನೆಲೆಸಿದ್ದ ಪರಿಸರ ಚಿಂತಕ. ತಮ್ಮ ರಾಜ್ಯದ 1937ರ ಕಾನೂನನ್ನು ಅವರು ಉದಾಹರಣೆಯಾಗಿ ತೆಗೆದುಕೊಂಡರು. ರೈತರಿಗೆ ನೆರವು ಸಿಕ್ಕಿತು, ನಿಯಮ ನೀವೇ ಬರೆದುಕೊಳ್ಳಿ ಎಂದು ಕಾನೂನೇ ಹೇಳಿತು. ಕೌಂಟಿಗಳು ನೆರವನ್ನು ತಕ್ಷಣ ಪಡೆದವು, ಹತ್ತು ವರ್ಷ ಕಳೆದರೂ ಒಂದೇ ಒಂದು ನಿಯಮ ಬರೆಯಲಿಲ್ಲ. ತಮಗೆ ಹೇಗಿದ್ದರೂ ಲಾಭ ತರುವ ಪದ್ಧತಿಗಳನ್ನಷ್ಟೇ ರೈತರು ಉಳಿಸಿಕೊಂಡರು, ಸಮುದಾಯಕ್ಕೆ ಲಾಭವಾಗಿ ತಮಗೆ ಲಾಭವಿಲ್ಲದ್ದನ್ನು ಬಿಟ್ಟರು ಎಂಬುದು ಅವರ ದೂರು. ಅವರು ತೀರಿಕೊಂಡ ಮರುವರ್ಷ, 1949ರಲ್ಲಿ, ಇದು ಪುಸ್ತಕವಾಗಿ ಬಂತು. ಕೊಲರಾಡೋದ ಪೂರ್ವಭಾಗದ ಕೆಲವು ವಲಯಗಳು ಮಾತ್ರ 1940ರ ದಶಕದಲ್ಲಿ ಹುಲ್ಲುಗಾವಲು ಉಳುವುದಕ್ಕೆ ಕಡಿವಾಣ ಹಾಕಿದವು. ಧೂಳು ಅವರ ಕಣ್ಣಿಗೇ ಬಿದ್ದಿತ್ತು. ಆದರೆ ಯುದ್ಧಕಾಲದ ಗೋಧಿಯ ಬೆಲೆ ಏರಿದಾಗ ಆ ನಿಯಮಗಳಿಗೂ ಬೆಂಬಲ ಕುಸಿಯಿತು.

ಇದರ ನಡುವೆ ವಲಯಗಳು ಬದುಕುಳಿದದ್ದೇ ಒಂದು ವಿಶೇಷ. ಅವುಗಳಿಗೆ ಬಲವಾದ ವೈರಿಗಳಿದ್ದರು. ಕೃಷಿ ಕಾಲೇಜುಗಳ ವಿಸ್ತರಣಾ ಅಧಿಕಾರಿಗಳೂ, ಅವರಿಗೆ ಹತ್ತಿರವಾಗಿದ್ದ ಫಾರ್ಮ್ ಬ್ಯೂರೊ ಎಂಬ ರೈತ ಸಂಘಟನೆಯೂ ಹಳ್ಳಿಯಲ್ಲಿ ತಮಗೊಂದು ಪ್ರತಿಸ್ಪರ್ಧಿ ಹುಟ್ಟಿತೆಂದು ಬಗೆದರು. ವಿಲ್ಸನ್ನರ ಬಳಗ 1938ರ ನಂತರ ಕಟ್ಟಿದ್ದ ಕೌಂಟಿ ಭೂಬಳಕೆ ಯೋಜನಾ ಸಮಿತಿಗಳನ್ನು 1942ರಲ್ಲಿ ಸಂಸತ್ತು ಹಣ ನಿಲ್ಲಿಸಿ ಮುಗಿಸಿಬಿಟ್ಟಿತು. ವಲಯಗಳನ್ನು ಹಾಗೆ ಮುಗಿಸಲು ಆಗಲಿಲ್ಲ. ಅವು ರಾಜ್ಯದ ಕಾನೂನಿನಿಂದ ಹುಟ್ಟಿದ್ದವು, ವಾಷಿಂಗ್ಟನ್ನಿನ ಅನುದಾನ ನಿಂತರೂ ಕಾನೂನು ನಿಲ್ಲುತ್ತಿತ್ತು. ಬಟ್ಲರ್ ತೀರ್ಪು ಬಲವಂತವಾಗಿ ತೋರಿಸಿದ ದಾರಿಯೇ ಅವುಗಳನ್ನು ಕಾಪಾಡಿತು. 1946ರಲ್ಲಿ ಚಿಕಾಗೊದಲ್ಲಿ ಮಂಡಳಿಗಳ ಸದಸ್ಯರು ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿದರು. ಮುಂದೆ 1954ರಲ್ಲಿ ಸಣ್ಣ ಜಲಾನಯನಗಳ ಪ್ರವಾಹ ತಡೆಯುವ ಕೇಂದ್ರ ಕಾಯ್ದೆ ಬಂದಾಗ ಯೋಜನೆಗೆ ಅರ್ಜಿ ಹಾಕಿ ಹೊಣೆ ಹೊರಬೇಕಾದವರು ಇಂಥ ಸ್ಥಳೀಯ ಸಂಸ್ಥೆಗಳೇ.

ಈ ಬೆಳವಣಿಗೆಯನ್ನು ವಿದ್ವಾಂಸರು ಎರಡು ರೀತಿ ಓದಿದ್ದಾರೆ. ತಳಮಟ್ಟದ ಪ್ರಜಾಪ್ರಭುತ್ವ ಎಂಬ ಹೆಸರಿನಲ್ಲಿ ಸರ್ಕಾರಿ ಸಂಸ್ಥೆ ತನಗೆ ಬೇಕಾದ ಸ್ಥಳೀಯ ಪ್ರಬಲರನ್ನು ಒಳಗೆ ಸೇರಿಸಿಕೊಳ್ಳುತ್ತದೆ ಎಂದು ಫಿಲಿಪ್ ಸೆಲ್ಜ್‌ನಿಕ್ 1949ರಲ್ಲಿ ಟೆನೆಸಿ ಕಣಿವೆ ಪ್ರಾಧಿಕಾರದ ಬಗ್ಗೆ ಬರೆದರು. ಆ ಟೀಕೆಯನ್ನು ವಲಯಗಳಿಗೂ ಅನ್ವಯಿಸಿದವರುಂಟು. ಜೆಸ್ ಗಿಲ್ಬರ್ಟ್ 2015ರ ಪುಸ್ತಕದಲ್ಲಿ ವಿಲ್ಸನ್ ಬಳಗದ ಪ್ರಜಾಪ್ರಭುತ್ವದ ಆಸೆ ಪ್ರಾಮಾಣಿಕವಾದದ್ದು, ಅದನ್ನು ಹೊರಗಿನ ರಾಜಕೀಯ ಮುರಿಯಿತು ಎಂದು ತೋರಿಸಿದರು. ಎರಡೂ ಓದುಗಳಿಗೆ ಆಧಾರವಿದೆ. ಯಾವ ಕೌಂಟಿಯನ್ನು ನೋಡುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಮೂಲೆ ಸೇರಿದ್ದ ಅಧಿಕಾರ ಮತ್ತೆ ಹೊರಬಂದದ್ದು 1970ರ ದಶಕದಲ್ಲಿ. ಅಯೋವಾ ರಾಜ್ಯ 1971ರಲ್ಲಿ ಕಾನೂನು ಬಿಗಿ ಮಾಡಿತು: ವಲಯಗಳು ಎಕರೆಗೆ ಇಷ್ಟು ಟನ್‌ಗಿಂತ ಹೆಚ್ಚು ಮಣ್ಣು ಹೋಗಬಾರದೆಂದು ಮಿತಿ ಗೊತ್ತುಪಡಿಸಬೇಕು. ವುಡ್‌ಬರಿ ಕೌಂಟಿಯ ಮಂಡಳಿ ಆ ಮಿತಿಯನ್ನು ವರ್ಷಕ್ಕೆ 5 ಟನ್ ಎಂದಿಟ್ಟಿತು. ಅಲ್ಲಿನ ಒಬ್ಬ ರೈತ ಮಂಡಳಿಗೆ ದೂರು ಕೊಟ್ಟರು: ಪಕ್ಕದ ಹೊಲಗಳ ನೀರು ಮತ್ತು ಮಣ್ಣು ತಮ್ಮ ನೆಲಕ್ಕೆ ಬಂದು ಹಾಳುಮಾಡುತ್ತಿದೆ. ಮಂಡಳಿ ಪರಿಶೀಲಿಸಿ, ದೂರು ನಿಜವೆಂದು ಕಂಡು, ಪಕ್ಕದ ಇಬ್ಬರು ಜಮೀನುದಾರರಿಗೆ ನೋಟಿಸ್ ಕೊಟ್ಟಿತು: ಬದು ಹಾಕಿ, ಇಲ್ಲವೇ ಆ ಇಳಿಜಾರನ್ನು ಹುಲ್ಲಿಗೆ ಬಿಡಿ. ಅವರು ಒಪ್ಪಲಿಲ್ಲ. ಬದುವಿಗೆ ಸಾವಿರಾರು ಡಾಲರ್ ಖರ್ಚು, ಹುಲ್ಲಿಗೆ ಬಿಟ್ಟರೆ ಬೆಳೆ ನಷ್ಟ. ಇದು ತಮ್ಮ ಆಸ್ತಿಯನ್ನು ಕಸಿದಂತೆ ಎಂದು ವಾದಿಸಿದರು. ಕೆಳ ನ್ಯಾಯಾಲಯ ಅವರ ಪರ ನಿಂತಿತು. 1979ರಲ್ಲಿ ಅಯೋವಾದ ಸುಪ್ರೀಂ ಕೋರ್ಟ್ ತೀರ್ಪನ್ನು ತಿರುಗಿಸಿತು. ಮಣ್ಣನ್ನು ಉಳಿಸುವುದು ರಾಜ್ಯದ ನ್ಯಾಯವಾದ ಹಿತಾಸಕ್ತಿ, ಅದಕ್ಕಾಗಿ ಒಂದಿಷ್ಟು ಖರ್ಚು ಬಿದ್ದರೂ ಅದು ಆಸ್ತಿ ಕಸಿದಂತಲ್ಲ ಎಂದಿತು. ಗ್ಲಿಕ್ ನಲವತ್ತು ವರ್ಷ ಹಿಂದೆ ಬರೆದ ವಾದಕ್ಕೆ ನ್ಯಾಯಪೀಠದ ಮುದ್ರೆ ಬಿತ್ತು.

ಆ ಮಂಡಳಿಯವರ ಸ್ಥಿತಿಯನ್ನು ಊಹಿಸಿಕೊಳ್ಳಿ. ನೋಟಿಸ್ ಕೊಡಬೇಕಾದದ್ದು ಅದೇ ಕೌಂಟಿಯ ಜನರಿಗೆ. ದೂರು ಕೊಟ್ಟವರೂ ಬೇಕಾದವರೇ, ದೂರಿಗೆ ಗುರಿಯಾದವರೂ ಬೇಕಾದವರೇ. ಅಧಿಕಾರ ಏಕೆ ಅಷ್ಟು ಕಾಲ ಮೂಲೆಯಲ್ಲಿತ್ತೆಂದು ಇದರಿಂದ ಅರ್ಥವಾಗುತ್ತದೆ. ಲಿಯೊಪೋಲ್ಡ್ ಹೇಳಿದ ಸ್ವಾರ್ಥ ಅದರ ಒಂದು ಮುಖ; ನೆರೆಹೊರೆಯ ದಾಕ್ಷಿಣ್ಯ ಇನ್ನೊಂದು.

ಎಲ್ಲಕ್ಕಿಂತ ದೂರ ಹೋದದ್ದು ನೆಬ್ರಾಸ್ಕಾ. ಅಲ್ಲಿ ಮಣ್ಣಿಗೊಂದು, ಪ್ರವಾಹಕ್ಕೊಂದು, ಜಲಾನಯನಕ್ಕೊಂದು ಎಂದು 154 ಸಣ್ಣ ವಲಯಗಳು ಒಂದರ ಮೇಲೊಂದು ಕೂತಿದ್ದವು. 1969ರ ಕಾನೂನು ಅವನ್ನೆಲ್ಲ ಕರಗಿಸಿ, 1972ರ ಜುಲೈ 1ರಿಂದ ನದಿಗಳ ಜಾಡು ಹಿಡಿದ 24 ನೈಸರ್ಗಿಕ ಸಂಪನ್ಮೂಲ ವಲಯಗಳನ್ನು ಮಾಡಿತು. ಮುಂದೆ ಎರಡು ಕೂಡಿ 23 ಆದವು. ಆಯ್ಕೆಯಾದ ಮಂಡಳಿ, ಆಸ್ತಿ ತೆರಿಗೆ ಹಾಕುವ ಅಧಿಕಾರ, ಜೊತೆಗೆ ಅಂತರ್ಜಲದ ಹೊಣೆ. ಓಗಲಾಲ ಎಂಬ ಅಪಾರ ಅಂತರ್ಜಲ ರಾಶಿಯ ಮೇಲೆ ಕೂತ ರಾಜ್ಯವದು. ಅದರ ನೈಋತ್ಯ ಮೂಲೆಯ ಅಪ್ಪರ್ ರಿಪಬ್ಲಿಕನ್ ವಲಯದ ಮಂಡಳಿ 1970ರ ದಶಕದ ಕೊನೆಯಲ್ಲೇ ಕೊಳವೆಬಾವಿಗಳಿಗೆ ಮೀಟರ್ ಕೂರಿಸಿ, ಇಂತಿಷ್ಟೇ ನೀರು ಎತ್ತಬೇಕೆಂದು ಪಾಲು ಹಾಕಿತು. ಆ ಮಂಡಳಿಯಲ್ಲಿದ್ದವರೂ ಅದೇ ನೀರಿನಿಂದ ಬೆಳೆ ತೆಗೆಯುವ ಸೀಮೆಯವರು. ಬೋರ್‌ವೆಲ್ಲಿನ ಆಳ ವರ್ಷವರ್ಷವೂ ಹೆಚ್ಚುತ್ತಿರುವ ನಮ್ಮ ಕೋಲಾರ, ಚಿತ್ರದುರ್ಗದ ರೈತರಿಗೆ ಆ ತೀರ್ಮಾನದ ಭಾರ ಬಿಡಿಸಿ ಹೇಳಬೇಕಿಲ್ಲ.

1985ರ ಕೃಷಿ ಕಾಯ್ದೆ ಇನ್ನೊಂದು ಹಗ್ಗ ಬಿಗಿಯಿತು. ಸವಕಳಿಗೆ ಈಡಾಗುವ ನೆಲದಲ್ಲಿ ಸಂರಕ್ಷಣಾ ಯೋಜನೆಯಿಲ್ಲದೆ ಬೆಳೆದರೆ ಸರ್ಕಾರದ ಸಹಾಯಧನವಿಲ್ಲ. ದೇಶದ ಬೆಳೆಭೂಮಿಯಿಂದ ನೀರು, ಗಾಳಿ ಸೇರಿ ವರ್ಷಕ್ಕೆ ಒಯ್ಯುತ್ತಿದ್ದ ಮಣ್ಣು 1982ರಲ್ಲಿ 306 ಕೋಟಿ ಟನ್. 2007ರಲ್ಲಿ 173 ಕೋಟಿ ಟನ್. ಇದರಲ್ಲಿ ಮಂಡಳಿಗಳ ಪಾಲೆಷ್ಟು, ಸಹಾಯಧನದ ಷರತ್ತಿನದೆಷ್ಟು, ಉಳದೆ ಬಿತ್ತುವ ಹೊಸ ಯಂತ್ರಗಳದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರಗಳನ್ನು ನೋಡಿ, ಮೆಕ್ಕೆಜೋಳದ ಸೀಮೆಯ ಮೂರನೇ ಒಂದು ಭಾಗದಷ್ಟು ನೆಲ ತನ್ನ ಮೇಲ್ಮಣ್ಣನ್ನು ಪೂರ್ತಿ ಕಳೆದುಕೊಂಡಿದೆ ಎಂದು 2021ರಲ್ಲಿ ಪ್ರಕಟಿಸಿದರು. ಅಂದಾಜು ಅತಿಯಾಯಿತು ಎಂದವರೂ ಇದ್ದಾರೆ. ಗುಡ್ಡದ ನೆತ್ತಿಗಳು ಬಿಳಿಚಿಕೊಂಡಿರುವುದನ್ನು ಯಾರೂ ಅಲ್ಲಗಳೆದಿಲ್ಲ.

ಇಂದಿನ ಮಂಡಳಿಗಳ ಚುನಾವಣೆಗೆ ಬರುವ ಮತದಾರರು ಕಡಿಮೆ. ಹಲವು ಕಡೆ ಒಂದು ಸ್ಥಾನಕ್ಕೆ ಒಬ್ಬರೇ ನಿಲ್ಲುತ್ತಾರೆ. ಆ ಐವರ ಮುಂದಿರುವ ಕಷ್ಟದ ಪ್ರಶ್ನೆ 1937ರಲ್ಲಿ ರಾಜ್ಯಗಳು ಕತ್ತರಿಸಿ ಎಸೆದದ್ದೇ. ಅಮೆರಿಕದ ಕೃಷಿಭೂಮಿಯಲ್ಲಿ ನೂರಕ್ಕೆ 40ರ ಹತ್ತಿರ ಈಗ ಗೇಣಿಯ ನೆಲ, ಅಯೋವಾದಲ್ಲಿ ಅರ್ಧಕ್ಕೂ ಹೆಚ್ಚು. ಎಷ್ಟೋ ಮಾಲೀಕರು ದೂರದ ನಗರಗಳಲ್ಲಿದ್ದಾರೆ, ಹೊಲ ಅವರಿಗೆ ಅಜ್ಜನಿಂದ ಬಂದ ಆಸ್ತಿ. ಉಳುವವನ ಕೈಯಲ್ಲಿರುವುದು ಹಲವು ಸಲ ಒಂದೇ ವರ್ಷದ ಗೇಣಿ ಕರಾರು. ಹಾಕಿದ ಬದು ಫಲ ಕೊಡಲು ಹತ್ತು ವರ್ಷ ಬೇಕು. ಆ ಬದುವಿನ ಖರ್ಚು ಯಾರದ್ದು, ಮಂಡಳಿಯ ಮಾತಿಗೆ ಸಹಿ ಹಾಕಬೇಕಾದವರು ಯಾರು ಎಂಬುದನ್ನು ಕೌಂಟಿ ಕೌಂಟಿಯಲ್ಲೂ ಅವರು ಇಂದಿಗೂ ಬಗೆಹರಿಸುತ್ತಲೇ ಇದ್ದಾರೆ.